ಒಂಟೆಗೆ ಬೇಡದ ಲೈಟ್ ಚೈನ್ ನಮಗ್ಯಾಕೆ ಬೇಕು?

ದಾವಣಗೆರೆ_ಪಿಯು
ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು, ನೀಟ್‌ಗೂ ಓದ್ತಿದ್ದೀನಿ. ಪ್ರತಿಕಾಯ (ಆಂಟಿಬಾಡಿ) ಅಂದ್ರೆ ಎರಡು ಹೆವಿ ಚೈನ್ (ಉದ್ದನೆಯ ಪ್ರೋಟೀನ್ ಸರ), ಎರಡು ಲೈಟ್ ಚೈನ್ (ಗಿಡ್ಡ ಸರ), ಎಚ್2ಎಲ್2 ಅಂತ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ವೈ ಆಕಾರದ ಚಿತ್ರದಲ್ಲಿ ಲೈಟ್ ಚೈನ್ ತೋಳಿನ ಪಕ್ಕದಲ್ಲಿ ಸುಮ್ನೆ ಅಂಟಿಕೊಂಡಿರೋ ಹಾಗಿದೆ. ಕಾಂಪ್ಲಿಮೆಂಟ್ ಅನ್ನೋ ರಕ್ತದ ರೋಗನಿರೋಧಕ ಪ್ರೋಟೀನ್‌ಗಳನ್ನ ಕರೆಯೋದು, ರೋಗಾಣು ನುಂಗೋ ಮ್ಯಾಕ್ರೋಫೇಜ್ ಕೋಶಕ್ಕೆ ಹಿಡಿಕೆ ಕೊಡೋದು ಎಲ್ಲ ಹೆವಿ ಚೈನ್‌ನ ಬುಡದ ಕೆಲಸ. ಪ್ರತಿಕಾಯ ಯಾವ ಬಗೆಯದ್ದು, ಐಜಿಜಿನಾ, ಐಜಿಎನಾ ಅಂತ ತೀರ್ಮಾನ ಮಾಡೋದೂ ಹೆವಿ ಚೈನೇ. ಈಗ ನೋಡಿದ್ರೆ ಒಂಟೆಯ ಕೆಲವು ಪ್ರತಿಕಾಯಗಳಲ್ಲಿ ಲೈಟ್ ಚೈನ್ ಇರೋದೇ ಇಲ್ವಂತೆ, ಆದ್ರೂ ಪ್ರತಿಜನಕವನ್ನ (ಪ್ರತಿಕಾಯ ಹೋಗಿ ಹಿಡಿಯೋ ವಸ್ತು, ಆಂಟಿಜನ್) ಚೆನ್ನಾಗೇ ಹಿಡೀತಾವಂತೆ. ಹಾಗಿದ್ರೆ ಗುರುತು ಹಿಡಿಯೋದ್ರಲ್ಲಿ ನಮ್ಮ ಲೈಟ್ ಚೈನ್‌ನ ಪಾಲು ಏನು? ಕ್ಲಾಸಲ್ಲಿ ಕೇಳಿದ್ದಕ್ಕೆ "ಎಕ್ಸಾಮ್‌ಗೆ ಬರಲ್ಲ, ಮುಂದೆ ಹೋಗು" ಅಂದ್ರು.

ಬಯಾಲಜಿ ಮೇಷ್ಟ್ರು
ಎಕ್ಸಾಮ್‌ಗೆ ಬರಲ್ಲ ಅನ್ನೋದೇನೋ ನಿಜ ತಮ್ಮಾ. ಪ್ರಶ್ನೆ ಮಾತ್ರ ಬಿಡುವಂಥದ್ದಲ್ಲ.

ಐಜಿಜಿ ಒಟ್ಟು ಸುಮಾರು 150 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಗುತ್ತೆ. ಹೆವಿ ಚೈನ್ ಒಂದೊಂದೂ 50ರ ಆಸುಪಾಸು, ಲೈಟ್ ಚೈನ್ 25. ಲೈಟ್ ಚೈನ್‌ನಲ್ಲಿರೋದು ಸುಮಾರು 215 ಅಮೈನೋ ಆಮ್ಲ. ತುದಿಯ ಅರ್ಧ, ಅಂದ್ರೆ 110ರಷ್ಟು, ಒಂದು ಪ್ರತಿಕಾಯದಿಂದ ಇನ್ನೊಂದಕ್ಕೆ ಬದಲಾಗುತ್ತೆ. ಉಳಿದರ್ಧ ಹಾಗೇ ಇರುತ್ತೆ. ಆ ಬದಲಾಗೋ ಅರ್ಧದಲ್ಲೂ ಗಲಾಟೆಯೆಲ್ಲ ಮೂರು ಲೂಪ್‌ಗಳಲ್ಲೇ. ಅವಕ್ಕೆ ಸಿಡಿಆರ್ ಅಂತೀವಿ: ಎಲ್1, ಎಲ್2, ಎಲ್3. ಹೆವಿ ಚೈನ್‌ನ ತುದಿಯಲ್ಲೂ ಮೂರಿವೆ, ಎಚ್1ರಿಂದ ಎಚ್3. ಎರಡು ತುದಿಗಳು ಮುಖಾಮುಖಿ ಕೂತಾಗ ಆರೂ ಲೂಪ್ ಒಂದೇ ಕಡೆಗೆ ತಲೆಯೆತ್ತಿ ನಿಲ್ತವೆ. ಪ್ರತಿಜನಕ ಬಂದು ಕೂರೋದು ಆ ಆರರ ಮೇಲೆ. ಬೊಗಸೆ ಒಡ್ಡಿದ ಹಾಗೆ ಅಂದ್ಕೋ. ಒಂದು ಕೈ ಹಿಂದೆ ತಗೊಂಡ್ರೆ ಉಳಿಯೋದು ಅರ್ಧ ಬೊಗಸೆ ಅಲ್ಲ, ಅಲ್ಲಿ ಬೊಗಸೆಯೇ ಇರಲ್ಲ.

ಪುಸ್ತಕದ ಚಿತ್ರದಲ್ಲಿ ಇದು ಕಾಣಲ್ಲ, ಯಾಕಂದ್ರೆ ಅದು ಚಪ್ಪಟೆ ಗೆರೆ. ನಿಜವಾದ ಅಣುವಿನಲ್ಲಿ ಎರಡೂ ಚೈನ್‌ನ ತುದಿಗಳು ಒತ್ತಿ ಕೂತಿರ್ತವೆ, ಮಧ್ಯೆ ನೀರಿಗೂ ಹೆಚ್ಚು ಜಾಗ ಇರಲ್ಲ.

ಲೆಕ್ಕಾಚಾರಿ
ಮೇಷ್ಟ್ರೇ, ಬೊಗಸೆ ಚೆನ್ನಾಗಿದೆ. ಆದ್ರೆ ಎರಡೂ ಕೈ ಸಮ ಅಂತ ಹುಡುಗ ನಂಬಿಬಿಟ್ರೆ ಕಷ್ಟ. ನಾನು ಪ್ರತಿಕಾಯಗಳ ಸೀಕ್ವೆನ್ಸ್ (ಅಮೈನೋ ಆಮ್ಲಗಳನ್ನ ಅಕ್ಷರಗಳಾಗಿ ಬರೆದ ಸಾಲು) ಜೊತೆ ದಿನಾ ಗುದ್ದಾಡೋನು. ಆರು ಲೂಪ್‌ಗಳಲ್ಲಿ ಐದು, ಮೊದಲೇ ಗೊತ್ತಿರೋ ಕೆಲವೇ ಆಕಾರಗಳಲ್ಲಿ ಮಡಚಿಕೊಳ್ತವೆ. ಲೈಟ್ ಚೈನ್‌ನ ಮೂರೂ ಈ ಸಾಧು ಗುಂಪಿಗೇ ಸೇರಿದವು. ಹದ್ದು ಮೀರೋದು ಎಚ್3 ಒಂದೇ. ಉದ್ದ, ಆಕಾರ, ಅಕ್ಷರ ಯಾವುದರಲ್ಲೂ ಅದಕ್ಕೆ ಲಗಾಮಿಲ್ಲ. ಪ್ರತಿಜನಕದ ನಟ್ಟನಡುವೆ ಹೋಗಿ ಕೂರೋದೂ ಸಾಮಾನ್ಯವಾಗಿ ಅದೇ.

ಸಾಕ್ಷಿ ಬೇಕಾ? ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಎ ಕಾಯಿಲೆಗೆ ಕೊಡೋ ಎಮಿಸಿಜುಮ್ಯಾಬ್ ಅನ್ನೋ ಪ್ರತಿಕಾಯ ಔಷಧ ತಗೊಳ್ಳಿ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದರ ಒಂದು ತೋಳು ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಆದ ಸಕ್ರಿಯ ಫ್ಯಾಕ್ಟರ್ 9ನ್ನ ಹಿಡಿಯುತ್ತೆ, ಇನ್ನೊಂದು ತೋಳು ಅಂಥದ್ದೇ ಫ್ಯಾಕ್ಟರ್ 10ನ್ನ. ಎರಡು ತೋಳಿಗೂ ಇರೋದು ಒಂದೇ ಲೈಟ್ ಚೈನ್! ಹೆವಿ ಚೈನ್ ಮಾತ್ರ ಬೇರೆ ಬೇರೆ. ಒಂದೇ ಲೈಟ್ ಚೈನ್ ಇಟ್ಕೊಂಡು ಎರಡು ಪ್ರತಿಜನಕ ಗುರುತಿಸಬಹುದು ಅಂದ ಮೇಲೆ, ಗುರುತಿಸ್ತಿರೋದು ಯಾರು?

ಬಾಸೆಲ್ ಕನ್ನಡತಿ
ಲೆಕ್ಕಾಚಾರಿ ಅವರೇ, ಆ ಒಂದು ಲೈಟ್ ಚೈನ್ ಎರಡೂ ಕಡೆ ಹೊಂದೋ ಹಾಗೆ ಮಾಡೋಕೆ ಅದನ್ನ ಎಷ್ಟು ತಿದ್ದಿದ್ದಾರೆ ಅನ್ನೋದನ್ನೂ ಹೇಳಿ ಮತ್ತೆ. ಯಾವುದಾದ್ರೂ ಆಗುತ್ತೆ ಅನ್ನೋ ಹಾಗಿದ್ರೆ ಅಷ್ಟು ಕಷ್ಟ ಬೇಕಿರಲಿಲ್ಲ.

ತಮ್ಮನಿಗೆ ಒಂದು ನಿಜವಾದ ಜೋಡಿಯನ್ನೇ ತೋರಿಸ್ತೀನಿ. ಡಿ1.3 ಅಂತ ಇಲಿಯ ಪ್ರತಿಕಾಯ, ಅದು ಹಿಡಿಯೋದು ಕೋಳಿಮೊಟ್ಟೆಯ ಬಿಳಿಭಾಗದಲ್ಲಿರೋ ಲೈಸೋಜೈಮ್ ಅನ್ನೋ ಕಿಣ್ವವನ್ನ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ರೊಬೆರ್ತೊ ಪೊಲ್ಜಾಕ್ ಅವರ ತಂಡ 1986ರಲ್ಲಿ ಇವೆರಡೂ ಕೂಡಿಕೊಂಡಿರೋ ಹರಳಿನ ರಚನೆ ಪ್ರಕಟಿಸ್ತು. ಒಂದು ಪ್ರೋಟೀನ್ ಪ್ರತಿಜನಕದ ಮೇಲೆ ಪ್ರತಿಕಾಯ ಹೇಗೆ ಕೂರುತ್ತೆ ಅಂತ ಅಣು ಅಣುವಾಗಿ ಕಂಡದ್ದು ಆಗಲೇ. ಲೈಸೋಜೈಮ್ ಕಡೆಯಿಂದ 16, ಪ್ರತಿಕಾಯದ ಕಡೆಯಿಂದ 17 ಅಮೈನೋ ಆಮ್ಲಗಳು ಸಂಪರ್ಕದಲ್ಲಿದ್ದವು. ಹೆವಿ ಚೈನ್‌ನ ಪಾಲು ಹೆಚ್ಚು, ಅದನ್ನ ಒಪ್ತೀನಿ.

ಆದ್ರೆ ಒಂದು ಮೂಲೆ ನೋಡಿ. ಲೈಸೋಜೈಮ್‌ನ 121ನೆಯ ಜಾಗದಲ್ಲಿ ಗ್ಲುಟಮಿನ್ ಇದೆ. ಅದರ ಉದ್ದನೆಯ ಬಾಲ ಪ್ರತಿಕಾಯದ ಒಂದು ಗುಳಿಯೊಳಗೆ ಹೋಗಿ ಕೂತಿದೆ. ಆ ಗುಳಿಯ ಗೋಡೆಗಳು ಯಾರವು? ಲೈಟ್ ಚೈನ್‌ನ 32ನೆಯ ಟೈರೋಸಿನ್, ಲೈಟ್ ಚೈನ್‌ನ 92ನೆಯ ಟ್ರಿಪ್ಟೊಫ್ಯಾನ್, ಹೆವಿ ಚೈನ್‌ನ 101ನೆಯ ಟೈರೋಸಿನ್. ಮೂರರಲ್ಲಿ ಎರಡು ಲೈಟ್ ಚೈನ್‌ನವು. ಈಗ ಟರ್ಕಿ ಕೋಳಿಯ ಲೈಸೋಜೈಮ್ ತಗೊಂಡ್ರೆ ಅದೇ 121ರಲ್ಲಿ ಗ್ಲುಟಮಿನ್ ಬದಲು ಹಿಸ್ಟಿಡಿನ್. ಡಿ1.3ರ ಹಿಡಿತ ಬಹಳ ಸಡಿಲವಾಗುತ್ತೆ. ಎರಡು ಹಕ್ಕಿಗಳ ಮೊಟ್ಟೆಯನ್ನ ಬೇರೆ ಬೇರೆ ಅಂತ ಹೇಳೋ ಸೂಕ್ಷ್ಮ ಇಲ್ಲಿ ಬಹುಪಾಲು ಲೈಟ್ ಚೈನ್ ಕಟ್ಟಿದ ಗುಳಿಯಲ್ಲಿದೆ. "ಗುರುತಿಸೋದು" ಅಂದ್ರೆ ಗಟ್ಟಿಯಾಗಿ ಹಿಡಿಯೋದಷ್ಟೇ ಅಲ್ಲ, ಹತ್ತಿರದ ನೆಂಟನನ್ನ ಬಿಡೋದೂ ಹೌದು.

ಫೋನಲ್ಲೇ ನೋಡಬಹುದು. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 1ವಿಎಫ್‌ಬಿ ಅಂತ ಹುಡುಕಿ, ಮೂರು ಬಣ್ಣದಲ್ಲಿ ಮೂರು ಚೈನ್ ಬರುತ್ತೆ.

ದಾವಣಗೆರೆ_ಪಿಯು
ಅಕ್ಕ, 1ವಿಎಫ್‌ಬಿ ತೆಗೆದು ನೋಡಿದೆ, ಗುಳಿ ಕಾಣ್ತು! ಪುಸ್ತಕದ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದ್ರೆ ಒಂಟೆ ಕಥೆ ಇನ್ನೂ ಹಾಗೇ ಇದೆಯಲ್ಲ?

ಹುಬ್ಬಳ್ಳಿ ವೆಟ್
ಒಂಟಿ ಬಂದ ಮ್ಯಾಲೆ ನಾ ಸುಮ್ಮನ ಕೂಡಂಗಿಲ್ರಿ. ಮೊದಲ ಒಂದು ಮಾತು: ಒಂಟಿ ಮೈಯಾಗ ಲೈಟ್ ಚೈನ್ ಇಲ್ಲಂತ ಅಲ್ಲ. ನಮ್ಮಂಥಾವೂ ಅದಾವ, ಅದರ ಜೋಡಿ ಹೆವಿ ಚೈನ್ ಅಷ್ಟ ಇರೋವೂ ಅದಾವ. 1993ರಾಗ ಬ್ರಸೆಲ್ಸ್‌ದ ರೇಮಂಡ್ ಹಾಮರ್ಸ್ ಅವರ ತಂಡ ಇದನ್ನ ನೇಚರ್ ಪತ್ರಿಕಾದಾಗ ಬರದ್ರು. ಲಾಮಾ, ಅಲ್ಪಾಕಾದಾಗೂ ಹಂಗ ಐತಿ. ಶಾರ್ಕ್ ಮೀನಿನಾಗೂ ಲೈಟ್ ಚೈನ್ ಇಲ್ಲದ ಒಂದು ನಮೂನಿ ಪ್ರತಿಕಾಯ ಐತಿ, ಆದ್ರ ಅದು ಬ್ಯಾರೇ ದಾರಿಯಿಂದ ಬಂದದ್ದು.

ಪ್ರಾಣಿ ಪ್ರಾಣಿಗೆ ಇದರ ಹಣೇಬರಾ ಬ್ಯಾರೆ. ಲೈಟ್ ಚೈನ್‌ನಾಗ ಕಪ್ಪಾ, ಲ್ಯಾಂಬ್ಡಾ ಅಂತ ಎರಡು ಜಾತಿ. ಮನಷ್ಯಾರ ರಕ್ತದಾಗ ಕಪ್ಪಾ ಎರಡು ಪಾಲು ಇದ್ರ ಲ್ಯಾಂಬ್ಡಾ ಒಂದು ಪಾಲು. ಇಲಿಯೊಳಗ ನೂರಕ್ಕ 95 ಕಪ್ಪಾನ. ಕುದರಿ, ಆಕಳದಾಗ ತಿರಗಾಮುರಗಾ, ಹೆಚ್ಚು ಕಡಿಮಿ ಎಲ್ಲಾ ಲ್ಯಾಂಬ್ಡಾ. ಕೋಳಿಯೊಳಗ ಕಪ್ಪಾ ಇಲ್ಲೇ ಇಲ್ಲ. ಲ್ಯಾಂಬ್ಡಾದಾಗೂ ಕೆಲಸಾ ಮಾಡೋ ವಿ ಜೀನ್ (ಬದಲಾಗೋ ತುದಿ ಮಾಡೋ ಜೀನ್ ತುಂಡು) ಒಂದ ಒಂದು! ಬಾಜೂಕ ಬಿದ್ದಿರೋ ಇಪ್ಪತ್ತೈದು ಸತ್ತ ಜೀನ್‌ಗಳಿಂದ ತುಣುಕು ತುಣುಕು ನಕಲು ಮಾಡಿ ತಂದು ಆ ಒಂದರಾಗ ಹಚ್ಚಿ ವೈವಿಧ್ಯ ಮಾಡ್ಕೋತದ. ಬಡತನದಾಗಿನ ಸಂಸಾರ ನೋಡ್ರಿ.

ಇನ್ನ ನಮ್ಮ ದೇಶದಾಗ ಹಾವು ಕಡದವ್ರಿಗೆ ಕೊಡೋ ಆಂಟಿವೆನಮ್. ನಾಗರ, ಕಟ್ಟಹಾವು, ಕೊಳಕಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಾ ಕುದರಿಗೆ ಸಣ್ಣ ಸಣ್ಣ ಪ್ರಮಾಣದಾಗ ಚುಚ್ಚಿ, ಅದರ ರಕ್ತದಿಂದ ತಗದ ಪ್ರತಿಕಾಯ ಅದು. ಪೆಪ್ಸಿನ್ ಅನ್ನೋ ಕಿಣ್ವ ಹಾಕಿ ಬುಡಾ ಕತ್ತರಸ್ತಾರ, ಎರಡು ತೋಳಷ್ಟ ಉಳಸ್ತಾರ. ಬುಡಾ ಹೋದ ಮ್ಯಾಲೂ ವಿಷಾ ಹಿಡಿಯೂ ಕೆಲಸಾ ನಡೀತದ, ಯಾಕಂದ್ರ ಹಿಡಿಯೋ ಜಾಗಾ ಪೂರ್ತಿ ತೋಳಿನಾಗ ಐತಿ. ಆ ತೋಳಿನಾಗ ಅರ್ಧ ಹೆವಿ, ಅರ್ಧ ಲೈಟ್. ಲೈಟ್ ಚೈನ್ ಇಡಿಯಾಗಿ ಉಳಕೋತದ, ಕತ್ತರಿ ಬೀಳೋದು ಹೆವಿ ಚೈನ್‌ಗೆ.

ಬಾಸೆಲ್ ಕನ್ನಡತಿ
ಹುಬ್ಬಳ್ಳಿ ಡಾಕ್ಟ್ರು ಹೇಳಿದ್ದಕ್ಕೆ ಸೇರಿಸ್ತೀನಿ. ಒಂಟೆಯ ಹೆವಿ ಚೈನ್ ಅಂದ್ರೆ ನಮ್ಮ ಹೆವಿ ಚೈನ್‌ನಿಂದ ಲೈಟ್ ಚೈನ್ ಕಿತ್ತು ಹಾಕಿದ್ದಲ್ಲ. ನಮ್ಮದರಲ್ಲಿ ಲೈಟ್ ಚೈನ್‌ಗೆ ಒತ್ತಿ ಕೂರೋ ಮುಖ ಎಣ್ಣೆ ಸ್ವಭಾವದ್ದು, ನೀರು ಕಂಡ್ರೆ ಆಗಲ್ಲ. 44, 45, 47ನೆಯ ಜಾಗಗಳಲ್ಲಿ ನಮಗೆ ಗ್ಲೈಸಿನ್, ಲ್ಯೂಸಿನ್, ಟ್ರಿಪ್ಟೊಫ್ಯಾನ್ ಇರುತ್ತೆ. ಒಂಟೆಯ ಒಂಟಿ ಚೈನ್‌ನಲ್ಲಿ ಅವೇ ಜಾಗದಲ್ಲಿ ಗ್ಲುಟಮಿಕ್ ಆಮ್ಲ, ಆರ್ಜಿನಿನ್, ಗ್ಲೈಸಿನ್ ಥರದವು ಬಂದಿವೆ, ಅಂದ್ರೆ ನೀರಿಗೆ ಒಗ್ಗೋ ಮುಖ. ಜೊತೆಗೆ, ನಮ್ಮ ಹೆವಿ ಚೈನ್‌ನಲ್ಲಿ ತುದಿಯ ಕೆಳಗೇ ಇರೋ ಸಿಎಚ್1 ಅನ್ನೋ ತುಂಡೇ ಅದರಲ್ಲಿ ಇಲ್ಲ. ಎಚ್3 ಉದ್ದವಾಗಿದೆ, ಕಿಣ್ವದ ಸೀಳಿನೊಳಗೆ ಹೋಗಿ ಕೂರೋವಷ್ಟು. ಲೈಟ್ ಚೈನ್ ಬಿಡೋಕೆ ಅದು ಇಷ್ಟೆಲ್ಲ ಬದಲಾಗಬೇಕಾಯ್ತು. ಮನುಷ್ಯರ ಹೆವಿ ಚೈನ್‌ನ ತುದಿಯನ್ನ ಹಾಗೇ ಒಂಟಿಯಾಗಿ ಬಿಟ್ರೆ ಸಾಮಾನ್ಯವಾಗಿ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತೆ. ಲ್ಯಾಬಲ್ಲಿ ಇದನ್ನ ಮಾಡಿ ಕೈಸುಟ್ಟುಕೊಂಡವರು ಬೇಕಾದಷ್ಟು ಜನ.

ಜೀವಕೋಶಕ್ಕೂ ಇದು ಗೊತ್ತು. ಹೆವಿ ಚೈನ್ ತಯಾರಾದ ತಕ್ಷಣ ಬಿಐಪಿ ಅನ್ನೋ ಕಾವಲುಗಾರ ಪ್ರೋಟೀನ್ ಅದರ ಸಿಎಚ್1 ತುಂಡನ್ನ ಹಿಡಿದು ನಿಲ್ಲಿಸುತ್ತೆ. ಲೈಟ್ ಚೈನ್ ಬಂದು ಅದೇ ಜಾಗದಲ್ಲಿ ಕೂತರೆ ಮಾತ್ರ ಬಿಡುಗಡೆ. ಬರದಿದ್ರೆ ಹೆವಿ ಚೈನ್ ಹೊರಗೆ ಹೋಗೋ ಹಾಗೇ ಇಲ್ಲ. ಒಂಟೆಯದರಲ್ಲಿ ಸಿಎಚ್1 ಇಲ್ಲದೇ ಇರೋದ್ರಿಂದ ಕಾವಲುಗಾರನಿಗೆ ಹಿಡಿಯೋಕೇ ಏನೂ ಇಲ್ಲ.

ಒಂಟೆಯ ಆ ಹೆವಿ ಚೈನ್‌ನ ಪ್ರತಿಜನಕ ಹಿಡಿಯೋ ತುದಿ ಬರೀ 15 ಕಿಲೋಡಾಲ್ಟನ್. ಔಷಧ ಮಾಡೋರಿಗೆ ಹಬ್ಬ. ಅಂಥ ತುದಿಯಿಂದ ಮಾಡಿದ ಕ್ಯಾಪ್ಲಸಿಜುಮ್ಯಾಬ್ ಅನ್ನೋ ಔಷಧ 2018ರಲ್ಲಿ ಯುರೋಪ್‌ನಲ್ಲಿ ಒಪ್ಪಿಗೆ ಪಡೀತು.

ಲೆಕ್ಕಾಚಾರಿ
ಸರಿ, ಗುಳಿ, ಕಾವಲುಗಾರ ಎರಡೂ ಒಪ್ಪಿದೆ. ಆದ್ರೆ "ವೈವಿಧ್ಯಕ್ಕೆ ಲೈಟ್ ಚೈನ್ ಬೇಕು" ಅಂತ ಇನ್ನೇನು ಯಾರಾದ್ರೂ ಬರೀತಾರೆ ಅಂತ ಗೊತ್ತು, ಹಾಗಾಗಿ ನಾನೇ ಲೆಕ್ಕ ಹಾಕಿಬಿಡ್ತೀನಿ. ಚೈನ್‌ನ ಬದಲಾಗೋ ತುದಿ ಆಗೋದು ವಿ, ಡಿ, ಜೆ ಅನ್ನೋ ಜೀನ್ ತುಂಡುಗಳಲ್ಲಿ ಒಂದೊಂದನ್ನ ಆರಿಸಿ ಬೆಸೆದು. ಮನುಷ್ಯರಲ್ಲಿ ಹೆವಿ ಚೈನ್‌ಗೆ ಕೆಲಸ ಮಾಡೋ ವಿ ಜೀನ್ ಸುಮಾರು 40, ಡಿ 23, ಜೆ 6. ಗುಣಿಸಿದ್ರೆ 5,520. ಲೈಟ್ ಚೈನ್‌ಗೆ ಡಿ ಇಲ್ಲ. ಕಪ್ಪಾಗೆ ವಿ ಸುಮಾರು 40, ಜೆ 5, ಆಯ್ತು 200. ಲ್ಯಾಂಬ್ಡಾಗೆ 30ಕ್ಕೆ 4, ಆಯ್ತು 120. ಒಟ್ಟು 320. ಹೆವಿ ಜೊತೆ ಯಾವ ಲೈಟ್ ಬೇಕಾದ್ರೂ ಸೇರಬಹುದು ಅಂದ್ಕೊಂಡ್ರೆ 17,66,400. ಲೈಟ್ ಚೈನ್ ಇಲ್ಲದಿದ್ರೆ ಐದೂವರೆ ಸಾವಿರ, ಇದ್ರೆ ಹದಿನೇಳೂವರೆ ಲಕ್ಷ. ಕೇಳೋಕೆ ಭರ್ಜರಿ.

ಆದ್ರೆ ಹೆವಿ ಚೈನ್‌ನಲ್ಲಿ ಎರಡು ಬೆಸುಗೆ, ಪ್ರತಿ ಬೆಸುಗೆಯಲ್ಲೂ ಟಿಡಿಟಿ ಕಿಣ್ವ ಮನಸ್ಸಿಗೆ ಬಂದ ಡಿಎನ್‌ಎ ಅಕ್ಷರ ತುರುಕುತ್ತೆ. ಆ ಒಂದು ಎಚ್3ರಲ್ಲೇ ಕೋಟಿಗಟ್ಟಲೆ ಸಾಧ್ಯತೆ ಇದೆ. ಮೈಯಲ್ಲಿ ಪ್ರತಿಕಾಯ ತಯಾರಿಸೋ ಬಿ ಕೋಶಗಳ ಸಂಖ್ಯೆಯೇ ಅದಕ್ಕೆ ಸಾಲಲ್ಲ. ಇರೋ ಸಾಗರಕ್ಕೆ 320 ಪಟ್ಟು ಗುಣಿಸಿ ಪ್ರಯೋಜನ ಏನು?

ಬಯಾಲಜಿ ಮೇಷ್ಟ್ರು
ಲೆಕ್ಕಾಚಾರಿಗಳೇ, ಲೆಕ್ಕ ಸರಿ. ಆದ್ರೆ ಬಿ ಕೋಶ ಹೆವಿ, ಲೈಟ್ ಎರಡನ್ನೂ ಒಟ್ಟಿಗೆ ಮಾಡಲ್ಲ, ಅಲ್ಲಿದೆ ವಿಷಯ. ನನಗಂತೂ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಮೂಳೆಮಜ್ಜೆಯಲ್ಲಿ ಮೊದಲು ಜೋಡಣೆಯಾಗೋದು ಹೆವಿ ಚೈನ್. ಆಗ ಲೈಟ್ ಚೈನ್ ಇನ್ನೂ ಇಲ್ಲ. ಹಾಗಾಗಿ ವಿಪ್ರಿಬಿ, ಲ್ಯಾಂಬ್ಡಾ5 ಅನ್ನೋ ಎರಡು ಬದಲಿ ಪ್ರೋಟೀನ್‌ಗಳು ಲೈಟ್ ಚೈನ್‌ನ ಜಾಗದಲ್ಲಿ ಕೂತು ಪರೀಕ್ಷೆ ಮಾಡ್ತವೆ: ಈ ಹೆವಿ ಚೈನ್ ಯಾರ ಜೊತೆಗಾದ್ರೂ ಸಂಸಾರ ಮಾಡುತ್ತಾ? ಪಾಸಾದ್ರೆ ಆ ಕೋಶ ಹಲವು ಸಲ ಒಡೆದು ಮರಿ ಹಾಕುತ್ತೆ. ಮರಿಗಳೆಲ್ಲದರಲ್ಲೂ ಅದೇ ಹೆವಿ ಚೈನ್. ಈಗ ಪ್ರತಿಯೊಂದು ಮರಿಯೂ ತನ್ನ ಪಾಡಿಗೆ ಬೇರೆ ಬೇರೆ ಲೈಟ್ ಚೈನ್ ಜೋಡಿಸಿಕೊಳ್ಳುತ್ತೆ. ಮೊದಲು ಕಪ್ಪಾ, ಅದು ಕೈಕೊಟ್ರೆ ಲ್ಯಾಂಬ್ಡಾ. ಕಷ್ಟಪಟ್ಟು ಸಿಕ್ಕ ಒಂದು ಒಳ್ಳೆಯ ಹೆವಿ ಚೈನ್‌ಗೆ ಹತ್ತಾರು ಬೇರೆ ಬೇರೆ ಜೊತೆಗಾರರನ್ನ ಕೊಟ್ಟು ನೋಡೋ ವ್ಯವಸ್ಥೆ ಇದು. ನಿಮ್ಮ 320 ಇರೋದು ಗುಣಾಕಾರಕ್ಕಲ್ಲ, ಈ ಆಯ್ಕೆಗೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಹೀಗೆ ಹುಟ್ಟಿದ ಪ್ರತಿಕಾಯ ಕೆಲವು ಸಲ ನಮ್ಮದೇ ಡಿಎನ್‌ಎ, ನಮ್ಮದೇ ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ. ಆಗ ಕೋಶ ಸಾಯಲೇಬೇಕು ಅಂತಿಲ್ಲ. ಲೈಟ್ ಚೈನ್ ಮಾತ್ರ ಬದಲಾಯಿಸಿ ಮತ್ತೆ ನೋಡುತ್ತೆ. ರಿಸೆಪ್ಟರ್ ಎಡಿಟಿಂಗ್ ಅಂತ ಹೆಸರು, 1993ರಲ್ಲಿ ಇಲಿಗಳಲ್ಲಿ ಇದನ್ನ ತೋರಿಸಿದ್ರು. ಲೈಟ್ ಚೈನೇ ಯಾಕೆ? ಹೆವಿ ಚೈನ್ ಜೋಡಣೆಯಾದಾಗ ಮಧ್ಯದ ಡಿ ತುಂಡುಗಳೆಲ್ಲ ಕತ್ತರಿಸಿ ಹೋಗಿರ್ತವೆ, ಮತ್ತೆ ಆಡೋಕೆ ಕಾಯಿ ಉಳಿದಿರಲ್ಲ. ಕಪ್ಪಾದಲ್ಲಿ ಹಾಗಲ್ಲ. ಹಿಂದೆ ಬಳಸದ ವಿ, ಮುಂದೆ ಬಳಸದ ಜೆ ಉಳಿದಿರ್ತವೆ, ಹಳೇ ಜೋಡಣೆಯನ್ನ ಕತ್ತರಿಸಿ ಹೊಸದು ಮಾಡಬಹುದು. ಎಲ್ಲ ಮುಗಿದ್ರೆ 22ನೆಯ ವರ್ಣತಂತುವಿನಲ್ಲಿ ಲ್ಯಾಂಬ್ಡಾ ಕಾಯ್ತಾ ಇದೆ. ಶತ್ರುವನ್ನ ಹಿಡಿಯೋದ್ರಲ್ಲಿ ಹೆವಿ ಚೈನ್ ಮುಂದು ಅನ್ನಿ, ತಕರಾರಿಲ್ಲ. ನಮ್ಮವರನ್ನ ಹಿಡಿಯದ ಹಾಗೆ ತಿದ್ದೋಕೆ ಕೈಗೆ ಸಿಗೋ ಹಿಡಿ ಮಾತ್ರ ಲೈಟ್ ಚೈನೇ.

ಲೆಕ್ಕಾಚಾರಿ
ಇದು ಬಲವಾದ ಮಾತು. ಇದನ್ನ ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ?

ಲ್ಯಾಬ್ ಅಕ್ಕ
ಎಲ್ಲರೂ ಇಲಿ, ಒಂಟೆ ಅಂತಿದ್ದೀರಿ. ನಮ್ಮ ಬಯೋಕೆಮಿಸ್ಟ್ರಿ ಲ್ಯಾಬಲ್ಲಿ ಲೈಟ್ ಚೈನ್ ಅಂದ್ರೆ ಮೊದಲು ನೆನಪಾಗೋದು ಮೂತ್ರ.

1845ರಲ್ಲಿ ಲಂಡನ್‌ನ ಒಬ್ಬ ದಿನಸಿ ವ್ಯಾಪಾರಿಗೆ ವಿಪರೀತ ಮೂಳೆನೋವು. ನೋಡ್ತಿದ್ದ ಡಾಕ್ಟ್ರು ಅವನ ಮೂತ್ರವನ್ನ ಹೆನ್ರಿ ಬೆನ್ಸ್ ಜೋನ್ಸ್ ಅನ್ನೋ ವೈದ್ಯ ರಸಾಯನಜ್ಞನಿಗೆ ಕಳಿಸಿದ್ರು. ಅದನ್ನ ಬಿಸಿ ಮಾಡಿದ್ರೆ ಸುಮಾರು 45ರಿಂದ 60 ಡಿಗ್ರಿಯಲ್ಲಿ ಬೆಳ್ಳಗೆ ಮಡ್ಡಿಗಟ್ಟುತ್ತೆ, ಕುದಿಯೋಕೆ ಬಂದ್ರೆ ಕರಗಿ ತಿಳಿಯಾಗುತ್ತೆ, ಆರಿಸಿದ್ರೆ ಮತ್ತೆ ಮಡ್ಡಿ! ಮೊಟ್ಟೆಯ ಬಿಳಿ ಥರ ಒಮ್ಮೆ ಗಟ್ಟಿಯಾದ್ರೆ ಮುಗೀತು ಅನ್ನೋ ಪ್ರೋಟೀನ್ ಅಲ್ಲ ಇದು. ಹಳಬರು ಟೆಸ್ಟ್‌ಟ್ಯೂಬ್ ಹಿಡಿದು ಇದನ್ನೇ ಮಾಡ್ತಿದ್ರು. ನಾನು ಟ್ರೇನಿಂಗಲ್ಲಿ ಒಂದು ಸಲ ನೋಡಿದ್ದೀನಿ, ಕಣ್ಣೆದುರೇ ಮಡ್ಡಿ ಮಾಯ ಆಗೋದು ವಿಚಿತ್ರ ಅನಿಸುತ್ತೆ. ಅದು ಏನು ಅಂತ ತಿಳಿಯೋಕೆ 1962 ಬರಬೇಕಾಯ್ತು. ಜೆರಾಲ್ಡ್ ಎಡೆಲ್‌ಮನ್ ಮತ್ತು ಜೋಸೆಫ್ ಗ್ಯಾಲಿ ತೋರಿಸಿದ್ದು: ಅದು ಹೆವಿ ಚೈನ್ ಜೊತೆ ಸೇರದೆ ಬಿಡಿಯಾಗಿ ಹೊರಬಿದ್ದ ಲೈಟ್ ಚೈನ್. ಮಲ್ಟಿಪಲ್ ಮೈಲೋಮಾ ಅನ್ನೋ ಕ್ಯಾನ್ಸರ್‌ನಲ್ಲಿ, ಪ್ರತಿಕಾಯ ಸುರಿಸೋ ಒಂದೇ ಪ್ಲಾಸ್ಮಾ ಕೋಶದ ಸಂತಾನ ಹುಚ್ಚುಹುಚ್ಚಾಗಿ ಬೆಳೆದು ಒಂದೇ ಲೈಟ್ ಚೈನನ್ನ ರಾಶಿ ರಾಶಿ ಸುರಿಸುತ್ತೆ.

ಕೆಲಸದ ಮಾತು ಒಂದು: ಮೂತ್ರಕ್ಕೆ ಅದ್ದೋ ಸ್ಟ್ರಿಪ್ ಮುಖ್ಯವಾಗಿ ಆಲ್ಬುಮಿನ್ ಹಿಡಿಯುತ್ತೆ. ಲೈಟ್ ಚೈನ್ ಎಷ್ಟೇ ಹೋಗ್ತಿದ್ರೂ ಸ್ಟ್ರಿಪ್ "ಪ್ರೋಟೀನ್ ಇಲ್ಲ" ಅನ್ನಬಹುದು.

ಬಾಸೆಲ್ ಕನ್ನಡತಿ
ಲ್ಯಾಬ್ ಅಕ್ಕನ ಮೂತ್ರದ ಕಥೆಗೂ ನಮ್ಮ ಚರ್ಚೆಗೂ ನೇರ ಸಂಬಂಧ ಇದೆ! ಸಾಮಾನ್ಯ ರಕ್ತದಲ್ಲಿ ಪ್ರತಿಕಾಯಗಳು ಲಕ್ಷಾಂತರ ಬಗೆಯವು ಬೆರೆತಿರೋದ್ರಿಂದ ಆ ಕಾಲದಲ್ಲಿ ಸೀಕ್ವೆನ್ಸ್ ಓದೋಕೆ ಆಗ್ತಿರಲಿಲ್ಲ. ಮೈಲೋಮಾ ರೋಗಿಯ ಮೂತ್ರದಲ್ಲಿ ಒಂದೇ ಬಗೆಯ ಲೈಟ್ ಚೈನ್, ಅದೂ ಗ್ರಾಂಗಟ್ಟಲೆ. ಹಿಲ್ಷ್‌ಮನ್ ಮತ್ತು ಕ್ರೇಗ್ 1965ರಲ್ಲಿ ಅದನ್ನ ಓದಿ, ಅರ್ಧ ಬದಲಾಗುತ್ತೆ, ಅರ್ಧ ಬದಲಾಗಲ್ಲ ಅಂತ ಕಂಡ್ಕೊಂಡ್ರು. 1970ರಲ್ಲಿ ಟಾಯ್ ಟೆ ವು ಮತ್ತು ಎಲ್ವಿನ್ ಕಬಾಟ್ ಹತ್ತಾರು ರೋಗಿಗಳ ಲೈಟ್ ಚೈನ್‌ಗಳನ್ನ ಸಾಲಾಗಿ ಜೋಡಿಸಿಟ್ಟು, ಪ್ರತಿ ಜಾಗದಲ್ಲಿ ಎಷ್ಟು ಬದಲಾವಣೆ ಅಂತ ಗೆರೆ ಎಳೆದ್ರು. ಮೂರು ಕಡೆ ಗೋಪುರದಂತೆ ಎದ್ದು ನಿಂತಿತು. ಇವೇ ಪ್ರತಿಜನಕಕ್ಕೆ ತಾಗೋ ಜಾಗ ಅಂದ್ರು. ಯಾವ ಹರಳೂ ನೋಡದೆ, ಬರೀ ಅಕ್ಷರ ಹೋಲಿಸಿ! ಮೇಷ್ಟ್ರು ಹೇಳಿದ ಎಲ್1, ಎಲ್2, ಎಲ್3 ಹುಟ್ಟಿದ್ದು ಹೀಗೆ. ಅಂದ್ರೆ ಪ್ರತಿಕಾಯ ಗುರುತು ಹಿಡಿಯೋ ಜಾಗವನ್ನ ವಿಜ್ಞಾನ ಹೀಗೆ ಮೊದಲು ಪತ್ತೆ ಮಾಡಿದ್ದು ಲೈಟ್ ಚೈನ್‌ನಲ್ಲೇ.

ನಾನಿರೋ ಊರಿನ ಹೆಮ್ಮೆಯೂ ಇರಲಿ. ಇಲ್ಲಿನ ಬಾಸೆಲ್ ಇಮ್ಯುನಾಲಜಿ ಸಂಸ್ಥೆಯಲ್ಲಿ ಹೊಜುಮಿ ಮತ್ತು ತೊನೆಗಾವಾ 1976ರಲ್ಲಿ ಭ್ರೂಣದ ಡಿಎನ್‌ಎಯಲ್ಲಿ ದೂರ ದೂರ ಇರೋ ತುಂಡುಗಳು ಪ್ರತಿಕಾಯ ಮಾಡೋ ಕೋಶದಲ್ಲಿ ಹತ್ತಿರ ಬಂದಿರೋದನ್ನ ತೋರಿಸಿದ್ರು. ಅವರು ತಗೊಂಡದ್ದೂ ಇಲಿಯ ಕಪ್ಪಾ ಲೈಟ್ ಚೈನನ್ನೇ. 1987ರ ನೊಬೆಲ್ ತೊನೆಗಾವಾ ಅವರಿಗೆ.

ಕೋಲಾರದ ಓದುಗ
ಚರ್ಚೆ ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಮ್ಮ ತಂದೆಗೆ ಕಿಡ್ನಿ ಸ್ವಲ್ಪ ವೀಕು, ಕ್ರಿಯಾಟಿನಿನ್ ಜಾಸ್ತಿ ಇದೆ. ಫ್ರೀ ಲೈಟ್ ಚೈನ್ ಟೆಸ್ಟ್‌ನಲ್ಲಿ (ರಕ್ತದಲ್ಲಿ ಬಿಡಿಯಾಗಿರೋ ಲೈಟ್ ಚೈನ್ ಅಳೆಯೋದು) ಕಪ್ಪಾ, ಲ್ಯಾಂಬ್ಡಾ ಎರಡೂ ಹೆಚ್ಚು, ಕಪ್ಪಾ-ಲ್ಯಾಂಬ್ಡಾ ರೇಶಿಯೋ 2.4 ಅಂತ ಕೆಂಪು ಅಕ್ಷರದಲ್ಲಿ ಬಂದಿದೆ. ನೆಟ್‌ನಲ್ಲಿ ನೋಡಿ ಮನೇಲಿ ಎಲ್ಲ ಗಾಬರಿ ಆಗಿದ್ದಾರೆ. ಲ್ಯಾಬ್ ಅಕ್ಕ, ಏನರ್ಥ?

ಲ್ಯಾಬ್ ಅಕ್ಕ
ಗಾಬರಿ ಬೇಡಪ್ಪ, ಉದಾಸೀನವೂ ಬೇಡ. ಆರೋಗ್ಯವಂತರಲ್ಲೂ ಪ್ಲಾಸ್ಮಾ ಕೋಶಗಳು ಲೈಟ್ ಚೈನನ್ನ ಸ್ವಲ್ಪ ಹೆಚ್ಚೇ ತಯಾರಿಸ್ತವೆ. ಮಿಕ್ಕಿದ್ದು ರಕ್ತಕ್ಕೆ ಬರುತ್ತೆ, ಕಿಡ್ನಿ ಕೆಲವೇ ಗಂಟೆಯಲ್ಲಿ ಸೋಸಿಬಿಡುತ್ತೆ. ಕಿಡ್ನಿ ನಿಧಾನವಾದ್ರೆ ಎರಡೂ ಏರ್ತವೆ. ಬಿಡಿ ಕಪ್ಪಾ ಹೆಚ್ಚಾಗಿ ಒಂಟಿಯಾಗಿರುತ್ತೆ, ಲ್ಯಾಂಬ್ಡಾ ಜೋಡಿಯಾಗಿರುತ್ತೆ. ಚಿಕ್ಕದಾದ ಕಪ್ಪಾವನ್ನ ಕಿಡ್ನಿ ಬೇಗ ಸೋಸೋದ್ರಿಂದ, ಕಿಡ್ನಿ ಸೋತಾಗ ಹೆಚ್ಚು ಉಳಿದುಹೋಗೋದೂ ಕಪ್ಪಾನೇ. ರೇಶಿಯೋ ಮೇಲಕ್ಕೆ ಸರಿಯುತ್ತೆ. ಅದಕ್ಕೇ ಸಾಮಾನ್ಯ ಮಿತಿ 0.26ರಿಂದ 1.65 ಆದ್ರೂ, ಕಿಡ್ನಿ ಕಾಯಿಲೆ ಇದ್ದೋರಿಗೆ 0.37ರಿಂದ 3.1 ಅಂತ ಬೇರೆ ಮಿತಿ ಬಳಸ್ತಾರೆ. ಕಂಪ್ಯೂಟರ್ ಕೆಂಪು ಅಕ್ಷರ ಹಾಕುವಾಗ ಕ್ರಿಯಾಟಿನಿನ್ ನೋಡಲ್ಲ.

ಆದ್ರೂ ಇದೊಂದರ ಮೇಲೆ ತೀರ್ಮಾನ ಮಾಡೋ ಹಾಗಿಲ್ಲ. ಸೀರಮ್ ಎಲೆಕ್ಟ್ರೋಫೊರೆಸಿಸ್, ಇಮ್ಯುನೋಫಿಕ್ಸೇಶನ್ ಅನ್ನೋ ರಕ್ತಪರೀಕ್ಷೆಗಳು ಆಗಿವೆಯಾ ಕೇಳಿ. ಆಗಿಲ್ಲ ಅಂದ್ರೆ ಹಳೇ ರಿಪೋರ್ಟೆಲ್ಲ ತಗೊಂಡು ರಕ್ತದ ಕಾಯಿಲೆ ನೋಡೋ ಹೆಮಟಾಲಜಿಸ್ಟ್ ಹತ್ರ ಒಮ್ಮೆ ಹೋಗಿ ಬನ್ನಿ. ಮುಂದಿನ ಸಲವೂ ಅದೇ ಲ್ಯಾಬಲ್ಲಿ ಮಾಡಿಸಿ, ಕಿಟ್ ಬದಲಾದ್ರೆ ಅಂಕಿ ಬದಲಾಗುತ್ತೆ.

ಕೋಲಾರದ ಓದುಗ
ತುಂಬಾ ಉಪಕಾರ ಆಯ್ತು ಅಕ್ಕ. ಸೋಮವಾರ ಕರ್ಕೊಂಡು ಹೋಗ್ತೀನಿ.

ಲೆಕ್ಕಾಚಾರಿ
ಮತ್ತೆ ಗುರುತಿಸೋ ವಿಷಯಕ್ಕೆ ಬರ್ತೀನಿ. ಹಾವಿನ ಮಾತು ಬಂತಲ್ಲ, ಬೆಂಗಳೂರಿನ ಐಐಎಸ್‌ಸಿ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು 2024ರಲ್ಲಿ 95ಮ್ಯಾಟ್5 ಅನ್ನೋ ಪ್ರತಿಕಾಯ ಪ್ರಕಟಿಸಿದ್ರು. ನಾಗರ, ಕಟ್ಟಹಾವು, ಮಾಂಬಾಗಳಲ್ಲಿರೋ ಒಂದು ಜಾತಿಯ ನರವಿಷವನ್ನ ಅದು ತಡೆಯುತ್ತೆ. ಹೇಗೆ? ವಿಷ ಹೋಗಿ ಕೂರೋ ನಮ್ಮ ಸ್ನಾಯುವಿನ ರಿಸೆಪ್ಟರ್ ಥರಾನೇ ವೇಷ ಹಾಕಿ. ವೇಷ ಹಾಕಿರೋದು ಹೆವಿ ಚೈನ್! ಲೈಟ್ ಚೈನ್‌ನ ಮೂರು ಲೂಪ್ ಬದಲಾಯಿಸಿದ್ದಕ್ಕೇ ಪ್ರತಿಕಾಯ ಹೊಸ ಪ್ರತಿಜನಕ ಗುರುತಿಸ್ತು ಅನ್ನೋ ಒಂದು ಉದಾಹರಣೆ ಕೊಡಿ, ಒಪ್ತೀನಿ.

ಬಾಸೆಲ್ ಕನ್ನಡತಿ
ಕೇಳಿದ್ದು ನೀವೇ. 2009, ಸೈನ್ಸ್ ಪತ್ರಿಕೆ. ಸ್ತನ ಕ್ಯಾನ್ಸರ್‌ಗೆ ಕೊಡೋ ಹರ್ಸೆಪ್ಟಿನ್ ಗೊತ್ತಲ್ಲ, ಹರ್2 ಅನ್ನೋ ಪ್ರೋಟೀನ್ ಹಿಡಿಯುತ್ತೆ. ಜೆನೆನ್‌ಟೆಕ್ ಔಷಧ ಕಂಪನಿಯವರು ಅದರ ಹೆವಿ ಚೈನ್ ಹಾಗೇ ಬಿಟ್ಟು, ಲೈಟ್ ಚೈನ್‌ನ ಲೂಪ್‌ಗಳನ್ನ ಮಾತ್ರ ಬದಲಾಯಿಸಿ ದೊಡ್ಡ ಸಂಗ್ರಹ ಮಾಡಿದ್ರು. ಅದರಲ್ಲಿ ಸಿಕ್ಕಿದ್ದು ಬಿಎಚ್1 ಅನ್ನೋ ಪ್ರತಿಕಾಯ. ಹರ್2 ಹಿಡಿಯೋದನ್ನ ಬಿಡದೆ, ಜೊತೆಗೆ ಸಂಬಂಧವೇ ಇಲ್ಲದ ವೆಜ್ಎಫ್ ಅನ್ನೋ ಇನ್ನೊಂದು ಪ್ರೋಟೀನನ್ನೂ ಹಿಡಿಯುತ್ತೆ, ಅದೂ ಅದೇ ತೋಳಿನ ಅದೇ ಜಾಗದಲ್ಲಿ. ಒಂದು ಸಲಕ್ಕೆ ಒಂದು. ರಚನೆ ನೋಡಿದಾಗ ಹರ್2 ಕಡೆ ಹೆವಿ ಚೈನ್ ಮುಂದು, ವೆಜ್ಎಫ್ ಕಡೆ ಲೈಟ್ ಚೈನ್ ಮುಂದು.

ಲ್ಯಾಬಲ್ಲಿ ಮಾಡಿದ್ದು ಬೇಡ, ಮನುಷ್ಯರ ಮೈಯಲ್ಲೇ ಹುಟ್ಟಿದ್ದು ಬೇಕು ಅಂದ್ರೆ ವಿಆರ್‌ಸಿ01. 2010ರಲ್ಲಿ ಪ್ರಕಟವಾದ್ದು, ಎಚ್‌ಐವಿಯ ಬಹುಪಾಲು ತಳಿಗಳನ್ನ ತಡೆಯೋ ಪ್ರತಿಕಾಯ. ನಿಮ್ಮ ಪ್ರೀತಿಯ ಎಚ್3ಗೆ ಇಲ್ಲಿ ಮುಖ್ಯ ಪಾತ್ರವೇ ಇಲ್ಲ, ಹೆವಿ ಚೈನ್‌ನಲ್ಲಿ ಕೆಲಸ ಮಾಡೋದು ಎಚ್2. ವೈರಸ್ ಮೇಲೆ ಅದು ಹಿಡಿಯೋ ಜಾಗದ ಪಕ್ಕದಲ್ಲೇ, 276ನೆಯ ಜಾಗಕ್ಕೆ ಅಂಟಿಕೊಂಡು, ದಪ್ಪ ಸಕ್ಕರೆ ಸರ ಅಡ್ಡ ನಿಂತಿರುತ್ತೆ. ಮಾಮೂಲಿ ಲೈಟ್ ಚೈನ್ ಹೋದ್ರೆ ಡಿಕ್ಕಿ. ವಿಆರ್‌ಸಿ01ರಲ್ಲಿ ಎಲ್1 ಕತ್ತರಿಸಿ ಗಿಡ್ಡ ಆಗಿದೆ, ಎಲ್3ರಲ್ಲಿ ಇರೋದು ಐದೇ ಅಮೈನೋ ಆಮ್ಲ. ಸಾಮಾನ್ಯವಾಗಿ ಅಲ್ಲಿ ಎಂಟೊಂಬತ್ತಾದ್ರೂ ಇರುತ್ತೆ, ಐದರದ್ದು ಬಲು ಅಪರೂಪ. ಈ ಗುಂಪಿನ ಪ್ರತಿಕಾಯ ಬೇರೆ ಬೇರೆ ರೋಗಿಗಳಲ್ಲಿ ಸಿಕ್ಕಾಗಲೂ ಎಲ್3 ಐದರದ್ದೇ! ಅಪರೂಪದ ಲೈಟ್ ಚೈನ್ ಸಿಗದಿದ್ರೆ ಹೆವಿ ಚೈನ್ ಎಷ್ಟೇ ಚೆನ್ನಾಗಿದ್ರೂ ಬಾಗಿಲಾಚೆ ನಿಲ್ಲಬೇಕು.

ದಾವಣಗೆರೆ_ಪಿಯು
ಅಂದ್ರೆ ಲಸಿಕೆ ಕೊಟ್ಟು ಆ ಥರದ ಲೈಟ್ ಚೈನ್ ಇರೋ ಬಿ ಕೋಶಗಳನ್ನೇ ಎಬ್ಬಿಸೋಕೆ ಆಗುತ್ತಾ ಅಕ್ಕ?

ಬಾಸೆಲ್ ಕನ್ನಡತಿ
ಅದನ್ನೇ ಮಾಡ್ತಿದ್ದಾರೆ. ಇಒಡಿ-ಜಿಟಿ8 ಅನ್ನೋ ಲಸಿಕೆ ಕಣವನ್ನ ವಿಆರ್‌ಸಿ01ರ ಹುಟ್ಟುರೂಪದ ಬಿ ಕೋಶ ಹುಡುಕಿ ಹಿಡಿಯೋ ಹಾಗೇ ರೂಪಿಸಿದ್ದಾರೆ. ಮೊದಲ ಹಂತದ ಪ್ರಯೋಗದ ಫಲಿತಾಂಶ 2022ರ ಡಿಸೆಂಬರ್‌ನಲ್ಲಿ ಬಂತು. ಲಸಿಕೆ ಪಡೆದ 36 ಜನರಲ್ಲಿ 35 ಜನರಿಗೆ ಆ ಗುಂಪಿನ ಬಿ ಕೋಶ ಎದ್ದಿತ್ತು, ಐದಕ್ಷರದ ಎಲ್3 ಸಮೇತ. ಆದ್ರೆ ಅವು ಇನ್ನೂ ಎಚ್‌ಐವಿ ತಡೆಯೋ ಪ್ರತಿಕಾಯ ಅಲ್ಲ, ಅದರ ಪೂರ್ವಜರು. ಎಲ್1 ಗಿಡ್ಡವಾಗೋದು, ಹೆವಿ ಚೈನ್‌ನಲ್ಲಿ ಹತ್ತಾರು ತಿದ್ದುಪಡಿ ಆಗೋದು ಎಲ್ಲ ಬಾಕಿ. ಅದಕ್ಕೆ ಬೇರೆ ಬೇರೆ ಕಣಗಳನ್ನ ಒಂದಾದ ಮೇಲೊಂದು ಕೊಡೋ ಯೋಚನೆ.

ಲೆಕ್ಕಾಚಾರಿ
ಬಿಎಚ್1 ನೋಡಿದೆ, ವಿಆರ್‌ಸಿ01 ನೋಡಿದೆ, ಒಪ್ಪಿದೆ. ಆದ್ರೂ ಸರಾಸರಿ ತೆಗೆದ್ರೆ ಸಂಪರ್ಕದಲ್ಲಿ ಹೆವಿ ಚೈನೇ ಮುಂದು ಅನ್ನೋ ಮಾತು ನಿಲ್ಲುತ್ತೆ. ಹುಬ್ಬಳ್ಳಿ ಡಾಕ್ಟ್ರೇ, ಆಕಳದ ಆ ಉದ್ದ ಎಚ್3 ಬಗ್ಗೆ ನೀವು ಹೇಳಲೇ ಇಲ್ಲ. ಅಲ್ಲಿ ಲೈಟ್ ಚೈನ್ ಏನು ಮಾಡುತ್ತೆ?

ಹುಬ್ಬಳ್ಳಿ ವೆಟ್
ಅದನ್ನ ನೀವ ಕೇಳ್ಲಿ ಅಂತ ಕುಂತಿದ್ದೆ. ಆಕಳದ ಕೆಲವು ಪ್ರತಿಕಾಯದಾಗ ಎಚ್3 ಅರವತ್ತು, ಎಪ್ಪತ್ತು ಅಮೈನೋ ಆಮ್ಲದಷ್ಟು ಉದ್ದ ಇರ್ತದ. ಒಂದು ಕಾಂಡ, ಅದರ ತುದಿಗೆ ಒಂದು ಗುಬಟು. ಪ್ರತಿಜನಕಾ ಹಿಡಿಯೂದು ಆ ಗುಬಟಿನ್ಯಾಗ. ಲೈಟ್ ಚೈನ್ ಅಷ್ಟು ಎತ್ತರಕ್ಕ ಮುಟ್ಟೂದ ಇಲ್ಲ. ಇಲ್ಲಿ ನಿಮ್ಮ ಮಾತು ಖರೆ ಲೆಕ್ಕಾಚಾರಿ ಸಾಹೇಬ್ರ, ಅದು ಕೆಳಗ ನಿಂತು ಕಾಂಡಕ್ಕ ಆಧಾರ ಕೊಡತೈತಿ ಅಷ್ಟ. ಆದ್ರ ಈ ಉದ್ದ ಎಚ್3 ಯಾವ ಲೈಟ್ ಚೈನ್ ಸಿಕ್ಕರೂ ನಡಿತೈತಿ ಅನ್ನಂಗಿಲ್ಲ. ಇಷ್ಟೆಲ್ಲಾ ಲ್ಯಾಂಬ್ಡಾ ಇದ್ದರೂ ಬಹುಮಟ್ಟಿಗೆ ಒಂದ ಒಂದು ವಿ ಜೀನ್‌ನ ಲೈಟ್ ಚೈನ್ ಜೋಡೀನ ಅದು ಬರೂದು.